ಶರಬತ್ತು ಶರಾಬಾಗದಿರಲಿ

ನೇರಳೆ, ದ್ರಾಕ್ಷಿ, ಸ್ಟ್ರಾಬೆರಿಗಳನ್ನು ಇಫ್ತಾರಿನವರೆಗೆ ಕಾಪಾಡುವ ಬಗೆ

ಮುಂಗಾರಿನ ಮಳೆ ಬಿದ್ದು ಹೊಲಗಳಲ್ಲಿ ಮೆಕ್ಕೆಜೋಳದ ಬಿತ್ತನೆ ನಡೆಯುವ ಹೊತ್ತಿಗೆ ತೆಲಿಗಿ, ಹರಪನಹಳ್ಳಿ, ಕೊಟ್ಟೂರು ಕಡೆ ನೇರಳೆ ಹಣ್ಣಿನ ಬುಟ್ಟಿಗಳು ಕಾಣಿಸಿಕೊಳ್ಳುತ್ತವೆ. ನೀವು ಎರಡು ಕೆಜಿ ಕೊಳ್ಳುತ್ತೀರಿ. ಒಂದು ಕೆಜಿ ಅಂದೇ ಖಾಲಿ, ಮಕ್ಕಳ ನಾಲಿಗೆಯೆಲ್ಲ ನೀಲಿ. ಉಳಿದದ್ದನ್ನು 'ರಂಜಾನಿಗೆ ಶರಬತ್ತಿಗಾಯಿತು' ಎಂದು ತಂದ ಚೀಲದಲ್ಲೇ ಗಂಟು ಕಟ್ಟಿ ಫ್ರಿಜ್‌ನ ಮೇಲಿನ ಖಾನೆಗೆ ತಳ್ಳುತ್ತೀರಿ. ಆ ಖಾನೆಯಲ್ಲಿ ಬಕ್ರೀದ್‌ನ ಮಾಂಸದ ಪೊಟ್ಟಣಗಳು ಇನ್ನೂ ಇವೆ. ಅವುಗಳ ಪಕ್ಕದಲ್ಲೇ ಹಣ್ಣಿಗೂ ಜಾಗವಾಗುತ್ತದೆ.

ತಿಂಗಳುಗಳು ಕಳೆದು ರಂಜಾನ್ ಬರುತ್ತದೆ. ಚೀಲ ಬಿಚ್ಚಿದರೆ ಕಲ್ಲಿನಂಥ ನೀಲಿ ಗಡ್ಡೆ. ಅದನ್ನು ಮಧ್ಯಾಹ್ನವೇ ಹೊರಗಿಟ್ಟು, ಕರಗಿದ ಮೇಲೆ ಕೈಯಿಂದ ಹಿಸುಕಿ, ಸಕ್ಕರೆ, ನೀರು, ಐಸು ಬೆರೆಸಿ ದೊಡ್ಡ ಪಾತ್ರೆಗೆ ಸುರಿಯುತ್ತೀರಿ. ಮಗ್ರಿಬ್‌ನ ಅಝಾನ್ ಆಗುತ್ತಲೇ ಮನೆಯವರು, ನೆಂಟರು, ನೆರೆಯವರು ಸೇರಿ ನಲವತ್ತು ಜನ ಅದೇ ಪಾತ್ರೆಯಿಂದ ಕುಡಿಯುತ್ತಾರೆ.

ಇದರಲ್ಲಿ ತಪ್ಪೇನು ಎನ್ನುತ್ತೀರಾ? ಹೆಚ್ಚಿನ ಸಲ ಏನೂ ಆಗುವುದಿಲ್ಲ ಎಂಬುದೂ ನಿಜ. ಆದರೆ ಆದಾಗ ಅದು ಒಬ್ಬರಿಗೆ ಆಗುವುದಿಲ್ಲ. ಪಾತ್ರೆ ಒಂದೇ ಆದ್ದರಿಂದ ಕಾಯಿಲೆಯೂ ಎಲ್ಲರ ಪಾಲಿಗೆ ಬರುತ್ತದೆ. ಆ ನಲವತ್ತು ಜನರಲ್ಲಿ ಎಪ್ಪತ್ತು ದಾಟಿದ ಅಜ್ಜಿ, ಗರ್ಭಿಣಿ ಸೊಸೆ, ಎರಡು ವರ್ಷದ ಮಗು ಎಲ್ಲರೂ ಇರುತ್ತಾರೆ. ಮನೆಯಲ್ಲಿ ಮಾಡುವ ಅಡುಗೆಯಲ್ಲಿ ಬಹುತೇಕ ಎಲ್ಲವೂ ಬೆಂಕಿ ಕಂಡು ಬರುತ್ತದೆ. ಹಣ್ಣಿನ ಶರಬತ್ತು ಮಾತ್ರ ಬೆಂಕಿ ಕಾಣದೆ ನೇರ ಬಾಯಿಗೆ ಹೋಗುತ್ತದೆ. ಆದ್ದರಿಂದ ಹಣ್ಣನ್ನು ಮರದಿಂದ ಲೋಟದವರೆಗೆ ಹೇಗೆ ಕಾಪಾಡಬೇಕು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಫ್ರೀಜರ್ ಕೊಲ್ಲುವುದಿಲ್ಲ, ಮಲಗಿಸುತ್ತದೆ

ನಮ್ಮಲ್ಲಿ ಅನೇಕರ ನಂಬಿಕೆ ಹೀಗಿದೆ: ಮಂಜುಗಟ್ಟಿದ ವಸ್ತುವಿನಲ್ಲಿ ರೋಗಾಣು ಉಳಿಯುವುದಿಲ್ಲ. ಇದು ತಪ್ಪು. ಚಳಿಯಲ್ಲಿ ರೋಗಾಣುಗಳು ಬೆಳೆಯುವುದು ನಿಲ್ಲುತ್ತದೆ, ಅಷ್ಟೇ. ಹಲವು ಬ್ಯಾಕ್ಟೀರಿಯಾಗಳು ಬದುಕಿಯೇ ಇದ್ದು, ಕರಗಿದ ಕೂಡಲೇ ಎದ್ದು ಕೆಲಸ ಶುರುಮಾಡುತ್ತವೆ. ಕಾಮಾಲೆ ತರುವ ಹೆಪಟೈಟಿಸ್ 'ಎ', ವಾಂತಿಭೇದಿ ತರುವ ನೋರೊ ವೈರಸ್‌ಗಳಂತೂ ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಹಾಗೇ ಉಳಿಯುತ್ತವೆ.

2012ರಲ್ಲಿ ಜರ್ಮನಿಯ ಪೂರ್ವ ಭಾಗದ ಶಾಲೆಗಳಲ್ಲಿ ಊಟ ಮಾಡಿದ ಸುಮಾರು ಹನ್ನೊಂದು ಸಾವಿರ ಮಂದಿಗೆ ವಾಂತಿಭೇದಿ ಹರಡಿತು. ಬಹುಪಾಲು ಮಕ್ಕಳೇ. ಕಾರಣ, ಹೊರದೇಶದಿಂದ ಬಂದ ಫ್ರೋಜನ್ ಸ್ಟ್ರಾಬೆರಿಯಲ್ಲಿದ್ದ ನೋರೊ ವೈರಸ್. ಮರುವರ್ಷ ಅಮೆರಿಕದಲ್ಲಿ ಫ್ರೋಜನ್ ಬೆರಿಗಳ ಮಿಶ್ರಣವೊಂದನ್ನು ತಿಂದ 165 ಮಂದಿಗೆ ಹೆಪಟೈಟಿಸ್ 'ಎ' ತಗುಲಿತು. ಆ ಮಿಶ್ರಣದಲ್ಲಿದ್ದ ದಾಳಿಂಬೆ ಕಾಳುಗಳಿಂದ ಅದು ಬಂದಿತ್ತು. ಅಷ್ಟೆಲ್ಲ ಯಂತ್ರ, ತಪಾಸಣೆ ಇರುವ ಕಡೆಯೇ ಹೀಗಾದರೆ ನಮ್ಮ ಮನೆಯ ಚೀಲದ ಗಂಟಿನ ಮಾತೇನು?

ಇನ್ನೊಂದು ವಿಷಯ. ಹೆಪಟೈಟಿಸ್ 'ಎ' ಮೈಗೆ ಸೇರಿದ ಮೇಲೆ ಲಕ್ಷಣ ಕಾಣಿಸಲು ಎರಡು ವಾರದಿಂದ ಏಳು ವಾರದವರೆಗೆ ಬೇಕು. ಇಫ್ತಾರಿನಲ್ಲಿ ಕುಡಿದದ್ದು ಈದ್ ಕಳೆದ ಮೇಲೆ ಕಣ್ಣಿನ ಹಳದಿಯಾಗಿ ಕಾಣಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಶರಬತ್ತು ಯಾರಿಗೆ ನೆನಪಿರುತ್ತದೆ? 'ನಮ್ಮ ಮನೆಯಲ್ಲಿ ಎಂದೂ ಹೀಗಾಗಿಲ್ಲ' ಎಂದು ನಾವು ಧೈರ್ಯವಾಗಿ ಹೇಳುವುದಕ್ಕೆ ಇದೂ ಒಂದು ಕಾರಣ.

ಒಟ್ಟಿನಲ್ಲಿ ನೆನಪಿಡಬೇಕಾದ ಸೂತ್ರ ಒಂದೇ: ಫ್ರೀಜರಿಗೆ ಏನು ಹೋಗುತ್ತದೋ ಅದೇ ಹೊರಬರುತ್ತದೆ. ಕೊಳೆ ಹೋದರೆ ಕೊಳೆ, ಶುದ್ಧ ಹೋದರೆ ಶುದ್ಧ.

ಕೊಳ್ಳುವಾಗಲೇ ಅರ್ಧ ಕೆಲಸ

ನೇರಳೆ ಹಣ್ಣಿನ ಸಿಪ್ಪೆ ಬಹಳ ತೆಳು. ಮರ ಅಲ್ಲಾಡಿಸಿ ಉದುರಿಸಿದ ಹಣ್ಣು ನೆಲಕ್ಕೆ ಬಿದ್ದು ಒಡೆದು, ಮಣ್ಣು, ದನದ ಸಗಣಿ ತಾಗಿರಬಹುದು. ಕೆಳಗೆ ಬಟ್ಟೆ ಅಥವಾ ತಾಡಪಾಲು ಹಾಸಿ ಉದುರಿಸಿದ್ದು, ಇಲ್ಲವೇ ಕೈಯಿಂದ ಕಿತ್ತದ್ದು ಸಿಕ್ಕರೆ ಅದನ್ನೇ ಕೊಳ್ಳಿ. ಗಟ್ಟಿಯಾಗಿ, ಹೊಳಪಾಗಿ, ಪೂರ್ತಿ ಕಪ್ಪುನೇರಳೆ ಬಣ್ಣಕ್ಕೆ ತಿರುಗಿದ ಹಣ್ಣು ಒಳ್ಳೆಯದು. ಒಡೆದು ರಸ ಸೋರುವುದು, ಹುಳಿ ವಾಸನೆ ಬರುವುದು ಬೇಡ.

ಹಕ್ಕಿ, ಅಳಿಲು, ಬಾವಲಿ ಕಚ್ಚಿದ ಹಣ್ಣನ್ನು ಕಚ್ಚಿದ ಭಾಗವಷ್ಟೇ ತೆಗೆದು ತಿನ್ನುವ ರೂಢಿ ಹಳ್ಳಿಗಳಲ್ಲಿದೆ. 'ಗಿಳಿ ಕಚ್ಚಿದ ಹಣ್ಣು ಸಿಹಿ' ಎಂದೂ ಹೇಳುತ್ತಾರೆ. ದಯವಿಟ್ಟು ಇದನ್ನು ಬಿಡಿ. 2018ರಲ್ಲಿ ಕೇರಳದ ಕೋಳಿಕ್ಕೋಡ್, ಮಲಪ್ಪುರಂ ಜಿಲ್ಲೆಗಳಲ್ಲಿ ನಿಪಾ ಕಾಣಿಸಿಕೊಂಡ ಮೇಲೆ ಆರೋಗ್ಯ ಇಲಾಖೆಯವರು ಮತ್ತೆ ಮತ್ತೆ ಹೇಳುತ್ತ ಬಂದಿರುವ ಮಾತು ಇದೇ: ಹಣ್ಣು ತಿನ್ನುವ ಬಾವಲಿಗಳು ಈ ವೈರಸ್ಸಿನ ನೆಲೆ, ಅವು ಕಚ್ಚಿದ ಹಣ್ಣನ್ನು ಎಸೆಯಬೇಕು. ಬಾವಲಿಗಳಿಗೆ ನೇರಳೆ ಬಲು ಪ್ರೀತಿ. ಗುರುತು ಹಿಡಿಯಲಾಗದಿದ್ದರೆ, ಕಚ್ಚಿದ ಗುರುತಿರುವ ಹಣ್ಣು ಯಾವುದಾದರೂ ಸರಿ, ಬುಟ್ಟಿಯಿಂದ ಹೊರಗೆ.

ಹಣ್ಣಿನ ಕಾಲವನ್ನೂ ಲೆಕ್ಕ ಹಾಕಿ. ನೇರಳೆ ಜೂನ್-ಜುಲೈನದು. ಕುರುಚಲು ಕಾಡುಗಳ ಕವಳಿ ಹಣ್ಣು, ಗುಡೇಕೋಟೆಯ ಕರಡಿಗಳಿಗೂ ಪ್ರಿಯವಾದದ್ದು, ಹೆಚ್ಚುಕಡಿಮೆ ಅದೇ ಹೊತ್ತಿಗೆ ಕಪ್ಪಾಗುತ್ತದೆ. ಬಾರಿ ಹಣ್ಣು ಚಳಿಗಾಲದ್ದು. ಮಹಾಬಲೇಶ್ವರದ ಕಡೆಯ ಸ್ಟ್ರಾಬೆರಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಬರುತ್ತದೆ. ವಿಜಯಪುರದ ದ್ರಾಕ್ಷಿ ಫೆಬ್ರವರಿ, ಮಾರ್ಚ್‌ನಲ್ಲಿ ಅಗ್ಗ. ರಂಜಾನ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ ಈಗ ಫೆಬ್ರವರಿಗೆ ಬಂದಿದೆ. ಎಂದರೆ ಈ ಕೆಲವು ವರ್ಷ ದ್ರಾಕ್ಷಿ, ಸ್ಟ್ರಾಬೆರಿಗಳು ತಾಜಾ ಸಿಗುವ ಕಾಲದಲ್ಲೇ ಇಫ್ತಾರ್. ಅವನ್ನು ಕೂಡಿಡುವ ಅಗತ್ಯವೇ ಇಲ್ಲ. ಕೂಡಿಡಬೇಕಾದದ್ದು ನೇರಳೆ, ಕವಳಿಗಳನ್ನು. ಅದೂ ಎಂಟು ತಿಂಗಳು. ಇದಕ್ಕೆ ನಿಮ್ಮ ಫ್ರೀಜರ್ ತಕ್ಕುದೇ ಎಂಬುದನ್ನು ಮುಂದೆ ನೋಡೋಣ.

ಹಸಿಯಾಗಿ ಇಡುವುದು

ತಂದ ಕೂಡಲೇ ತೊಳೆದು ಫ್ರಿಜ್‌ನಲ್ಲಿಡುವುದು ಶುಚಿತ್ವ ಎಂದುಕೊಳ್ಳುತ್ತೇವೆ. ಮೆತ್ತನೆಯ ಹಣ್ಣಿಗೆ ಇದು ಶತ್ರು. ಸಿಪ್ಪೆಯ ಮೇಲೆ ಉಳಿದ ತೇವದಲ್ಲಿ ಬೂಷ್ಟು ಬಹಳ ಬೇಗ ಹಿಡಿಯುತ್ತದೆ. ಹಸಿಯಾಗಿ ಇಡುವುದಾದರೆ ಕ್ರಮ ಹೀಗಿರಲಿ:

ಮೊದಲು ಆರಿಸಿ. ಒಡೆದದ್ದು, ಬೂಷ್ಟು ಹಿಡಿದದ್ದು ಒಂದಿದ್ದರೂ ತೆಗೆಯಿರಿ. ಒಂದು ಕೊಳೆತ ಹಣ್ಣು ಇಡೀ ಡಬ್ಬಿಯನ್ನು ಕೆಡಿಸುತ್ತದೆ. ಅಗಲವಾದ ಡಬ್ಬಿಯ ತಳಕ್ಕೆ ಒಣ ಬಿಳಿ ಬಟ್ಟೆ ಹಾಸಿ ಹಣ್ಣನ್ನು ಒಂದೇ ಪದರವಾಗಿ ಹರಡಿ. ನ್ಯೂಸ್‌ಪೇಪರ್ ಹಾಸಬೇಡಿ. ಅದರ ಮುದ್ರಣದ ಶಾಯಿ ಆಹಾರಕ್ಕೆ ಇಳಿಯುತ್ತದೆ, ಆಹಾರ ಸುರಕ್ಷತಾ ಪ್ರಾಧಿಕಾರವೇ 2016ರಲ್ಲಿ ಈ ಬಗ್ಗೆ ಎಚ್ಚರಿಸಿದೆ. ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕದೆ ಸ್ವಲ್ಪ ಗಾಳಿಯಾಡುವಂತೆ ಇಡಿ. ಬಳಸುವ ಮುಂಚೆ, ಬೇಕಾದಷ್ಟನ್ನು ಮಾತ್ರ ತೊಳೆಯಿರಿ.

ನಮ್ಮ ಸೆಕೆಯಲ್ಲಿ ನೇರಳೆ ಹೊರಗೆ ಒಂದೆರಡು ದಿನ ತಡೆದರೆ ಹೆಚ್ಚು. ಫ್ರಿಜ್‌ನ ಕೆಳಭಾಗದಲ್ಲಿ ಮೂರು-ನಾಲ್ಕು ದಿನದೊಳಗೆ ಮುಗಿಸಿ. ಸ್ಟ್ರಾಬೆರಿಗೂ ಇದೇ ಅವಧಿ. ದ್ರಾಕ್ಷಿ ಗೊಂಚಲಿನಲ್ಲೇ ಇದ್ದರೆ ಒಂದು ವಾರ ಚೆನ್ನಾಗಿರುತ್ತದೆ. ಇಡಿಯ ದಾಳಿಂಬೆ ಫ್ರಿಜ್‌ನಲ್ಲಿ ಒಂದು ತಿಂಗಳಿಗೂ ಮೀರಿ ತಡೆಯುತ್ತದೆ, ಆದರೆ ಬಿಡಿಸಿದ ಕಾಳು ನಾಲ್ಕು ದಿನಕ್ಕಿಂತ ಹೆಚ್ಚು ಬೇಡ. ಬಾರಿ ಹಣ್ಣನ್ನು ಫ್ರಿಜ್‌ಗೆ ಹಾಕುವ ಗೋಜೇ ಬೇಡ. ನಮ್ಮ ಹಿರಿಯರಂತೆ ತೊಳೆದು, ಬಿಸಿಲಿಗೆ ಒಣಗಿಸಿ, ಗಾಜಿನ ಭರಣಿಯಲ್ಲಿಟ್ಟರೆ ಆಯಿತು.

ತೊಳೆಯುವುದು, ಯಾವ ನೀರಿನಲ್ಲಿ?

ಹಣ್ಣನ್ನು ಬೋಗುಣಿಯಲ್ಲಿ ಮುಳುಗಿಸಿಟ್ಟರೆ ಒಂದರ ಕೊಳೆ ಇನ್ನೊಂದಕ್ಕೆ ಅಂಟುತ್ತದೆ. ಜರಡಿಯಂಥ ತೂತಿನ ಪಾತ್ರೆಯಲ್ಲಿ ಹಾಕಿ, ಹರಿಯುವ ನೀರಿನಲ್ಲಿ ಕೈಯಾಡಿಸುತ್ತ ತೊಳೆಯಿರಿ. ನಲ್ಲಿ ಇಲ್ಲದಿದ್ದರೆ ಒಬ್ಬರು ತಂಬಿಗೆಯಿಂದ ಸುರಿಯಲಿ, ಇನ್ನೊಬ್ಬರು ತೊಳೆಯಲಿ. ನೇರಳೆಯ ಒಳಗೆ ಸಣ್ಣ ಹುಳು ಇರುವುದುಂಟು. ಅದಕ್ಕೆ ಮೊದಲು ಹತ್ತು ನಿಮಿಷ ಉಪ್ಪು ನೀರಿನಲ್ಲಿ ಬಿಟ್ಟು, ಆ ನೀರನ್ನು ಚೆಲ್ಲಿ, ಬಳಿಕ ಹರಿಯುವ ನೀರಿನಲ್ಲಿ ತೊಳೆಯುವುದು ಒಳ್ಳೆಯದು. ಸೋಪು, ಡಿಟರ್ಜೆಂಟ್ ಖಂಡಿತ ಬೇಡ. ಅಡುಗೆ ಸೋಡಾ ಹಾಕಿದರೆ ನೇರಳೆಯ ಬಣ್ಣ ಮಂಕು ನೀಲಿಗೆ ತಿರುಗುತ್ತದೆ.

ತೊಳೆಯುವ ಕೈ ಹಣ್ಣಿಗಿಂತ ಮೊದಲು ಸೋಪಿನಿಂದ ತೊಳೆದಿರಬೇಕು. ಸ್ಯಾನಿಟೈಸರ್ ಹಚ್ಚಿಕೊಂಡೆ ಎಂದರೆ ಸಾಲದು, ನೋರೊ ವೈರಸ್‌ಗೆ ಅದು ಸರಿಯಾಗಿ ನಾಟುವುದಿಲ್ಲ. ವಾಂತಿ ಅಥವಾ ಭೇದಿ ಆದವರು, ನಿಂತ ಮೇಲೂ ಎರಡು ದಿನ ಶರಬತ್ತಿನ ಕೆಲಸಕ್ಕೆ ಕೈ ಹಾಕದಿರಲಿ. ಆ ದಿನ ಯಾರೂ ಅವರನ್ನು ಸೋಮಾರಿ ಎನ್ನಬಾರದು.

ಇನ್ನು ನೀರು. ನಮ್ಮ ಕೂಡ್ಲಿಗಿ, ಹರಪನಹಳ್ಳಿ ಭಾಗದ ಅನೇಕ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಇದೆ. ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರಿನಲ್ಲಿ ಫ್ಲೋರೈಡ್ ಕಡಿಮೆ ಇರುತ್ತದೆ, ಆದರೆ ತಿಂಗಳಿಂದ ಉಜ್ಜದ ಕ್ಯಾನಿನಲ್ಲಿ ತುಂಬಿಟ್ಟರೆ ಅದೂ ಕೆಡುತ್ತದೆ. ಆದ್ದರಿಂದ ಶರಬತ್ತಿಗೆ, ಐಸು ಕಟ್ಟಲಿಕ್ಕೆ ಘಟಕದ ನೀರು ತಂದು, ಅದನ್ನೇ ಒಮ್ಮೆ ಕುದಿಸಿ ಆರಿಸಿ ಬಳಸಿ. ಹಣ್ಣು ತೊಳೆಯುವ ಕೊನೆಯ ನೀರೂ ಕುಡಿಯುವ ನೀರೇ ಆಗಿರಲಿ.

ನಿಮ್ಮ ಫ್ರೀಜರ್ ಎಷ್ಟು ತಣ್ಣಗಿದೆ?

'ಫೈವ್ ಸ್ಟಾರ್ ಫ್ರಿಜ್ ತಂದಿದ್ದೇವೆ, ವರ್ಷಗಟ್ಟಲೆ ಇಡಬಹುದು' ಎನ್ನುವವರಿದ್ದಾರೆ. ಫ್ರಿಜ್‌ನ ಬಾಗಿಲಿಗೆ ಅಂಟಿಸಿದ ಆ ನಕ್ಷತ್ರಗಳು ಹೇಳುವುದು ಕರೆಂಟು ಎಷ್ಟು ಉಳಿಯುತ್ತದೆ ಎಂಬುದನ್ನು. ಫ್ರೀಜರ್ ಎಷ್ಟು ತಣ್ಣಗಿರುತ್ತದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಫ್ರೀಜರಿನ ಚಳಿಗೇ ಬೇರೆ ನಕ್ಷತ್ರದ ಗುರುತಿದೆ. ಕೆಲವು ಫ್ರಿಜ್‌ಗಳಲ್ಲಿ ಅದು ಫ್ರೀಜರಿನ ಮೇಲೆ ಅಥವಾ ಕೈಪಿಡಿಯಲ್ಲಿ ಇರುತ್ತದೆ. ಒಂದು ನಕ್ಷತ್ರವೆಂದರೆ ಮೈನಸ್ 6 ಡಿಗ್ರಿ ಸೆಲ್ಸಿಯಸ್, ಫ್ರೋಜನ್ ವಸ್ತುವನ್ನು ಒಂದು ವಾರ ಇಡಬಹುದು. ಎರಡಿದ್ದರೆ ಮೈನಸ್ 12, ಒಂದು ತಿಂಗಳು. ಮೂರಿದ್ದರೆ ಮೈನಸ್ 18, ಆಗ ಮಾತ್ರ ತಿಂಗಳುಗಟ್ಟಲೆ ಇಡುವ ಮಾತು. ಹಣ್ಣು ಎಂಟರಿಂದ ಹನ್ನೆರಡು ತಿಂಗಳು ರುಚಿ ಕೆಡದೆ ಇರಬೇಕಾದರೆ ಸದಾ ಮೈನಸ್ 18 ಅಥವಾ ಅದಕ್ಕಿಂತ ಕಡಿಮೆ ಇರಬೇಕು.

ಒಂದೇ ಬಾಗಿಲಿನ ಫ್ರಿಜ್‌ನ ಒಳಗಿರುವ ಪುಟ್ಟ ಐಸ್ ಖಾನೆ ಸಾಮಾನ್ಯವಾಗಿ ಅಷ್ಟು ತಣ್ಣಗಾಗುವುದಿಲ್ಲ. ಅದೂ ದಿನಕ್ಕೆ ಇಪ್ಪತ್ತು ಸಲ ಬಾಗಿಲು ತೆರೆಯುವ ಮನೆಯಲ್ಲಿ ಕೇಳುವುದೇ ಬೇಡ. ನಿಮ್ಮದು ಅಂಥ ಫ್ರಿಜ್ ಆದರೆ ಜೂನ್‌ನ ನೇರಳೆಯನ್ನು ಒಂದು ತಿಂಗಳೊಳಗೆ ಬಳಸಿ ಮುಗಿಸಿ. ರಂಜಾನಿಗೆ ಆಗಿನ ತಾಜಾ ದ್ರಾಕ್ಷಿಯ ಶರಬತ್ತು ಮಾಡಿ. ಇದರಲ್ಲಿ ಕಡಿಮೆಯೇನೂ ಇಲ್ಲ. ಎರಡು ಬಾಗಿಲಿನ ಫ್ರಿಜ್ ಅಥವಾ ಡೀಪ್ ಫ್ರೀಜರ್ ಇದ್ದವರು ಮುಂದಿನ ಕ್ರಮ ಅನುಸರಿಸಬಹುದು.

ಫ್ರೀಜ್ ಮಾಡುವ ಎರಡು ದಾರಿ

ಮೊದಲನೆಯದು, ಇಡಿಯ ಹಣ್ಣು. ತೊಳೆದ ಹಣ್ಣನ್ನು ಬಟ್ಟೆಯ ಮೇಲೆ ಹರಡಿ ಫ್ಯಾನಿನ ಗಾಳಿಗೆ ಪೂರ್ತಿ ಒಣಗಿಸಿ. ಸ್ಟ್ರಾಬೆರಿಯಾದರೆ ಹಸಿರು ತೊಟ್ಟು ತೆಗೆಯಿರಿ. ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ ಫ್ರೀಜರಿನಲ್ಲಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಗೋಲಿಗಳಂತೆ ಬಿಡಿಬಿಡಿಯಾಗಿ ಗಟ್ಟಿಯಾಗಿರುತ್ತವೆ. ಆಗ ಆಹಾರಕ್ಕೆಂದೇ ಮಾಡಿದ ಚೀಲ ಅಥವಾ ಡಬ್ಬಿಗೆ ತುಂಬಿ, ಗಾಳಿ ಹೊರಗೆ ಒತ್ತಿ, ಬಿಗಿಯಾಗಿ ಮುಚ್ಚಿ. ಹೀಗೆ ಮಾಡಿದರೆ ಗಡ್ಡೆ ಕಟ್ಟುವುದಿಲ್ಲ, ಬೇಕಾದಾಗ ಒಂದು ಹಿಡಿ ಮಾತ್ರ ತೆಗೆಯಬಹುದು.

ಎರಡನೆಯದು, ಕುದಿಸಿದ ರಸ. ದೊಡ್ಡ ಇಫ್ತಾರಿಗೆ, ಮನೆಯಲ್ಲಿ ವಯಸ್ಸಾದವರು, ಗರ್ಭಿಣಿಯರು, ಚಿಕ್ಕ ಮಕ್ಕಳಿದ್ದರೆ ನನ್ನ ಸಲಹೆ ಇದೇ. ಹೆಪಟೈಟಿಸ್ 'ಎ' ವೈರಸ್ ಚಳಿಗೆ ಬಗ್ಗದಿದ್ದರೂ 85 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಒಂದು ನಿಮಿಷಕ್ಕೆ ನಾಶವಾಗುತ್ತದೆ. ಒಂದು ಕೆಜಿ ನೇರಳೆಯನ್ನು ತೊಳೆದು, ಶುದ್ಧ ಕೈಯಿಂದ ಹಿಸುಕಿ ಬೀಜ ತೆಗೆದು, ಒಂದು ಲೋಟ ನೀರು, ಕಾಲು ಕೆಜಿಗಿಂತ ಸ್ವಲ್ಪ ಕಡಿಮೆ ಸಕ್ಕರೆ ಸೇರಿಸಿ ಸ್ಟೀಲ್ ಪಾತ್ರೆಯಲ್ಲಿ ಒಲೆಗಿಡಿ. ಕೊತಕೊತ ಕುದಿ ಬಂದ ಮೇಲೆ ಕೈಯಾಡಿಸುತ್ತ ಎರಡು-ಮೂರು ನಿಮಿಷ ಬಿಟ್ಟು ಇಳಿಸಿ. ಸೋಸಿ, ಎರಡು ನಿಂಬೆಹಣ್ಣಿನ ರಸ ಹಿಂಡಿ. ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಬೇಗ ಆರಿಸಿ, ಐಸ್ ಟ್ರೇಗೆ ಹುಯ್ದು ಗಟ್ಟಿಯಾದ ಮೇಲೆ ಬಿಲ್ಲೆಗಳನ್ನು ಚೀಲಕ್ಕೆ ತುಂಬಿ. ಕುದಿಸುವುದರಿಂದ ವಿಟಮಿನ್ 'ಸಿ' ಸ್ವಲ್ಪ ಕಡಿಮೆಯಾಗುತ್ತದೆ ನಿಜ, ನೆಮ್ಮದಿ ಅದಕ್ಕಿಂತ ದೊಡ್ಡದು. ಕವಳಿ ಹಣ್ಣನ್ನೂ ಹೀಗೇ ಮಾಡಬಹುದು. ಅದರ ಹಾಲಿನಂಥ ಅಂಟು ಹೋಗುವಂತೆ ಸೀಳಿ ಉಪ್ಪು ನೀರಿನಲ್ಲಿ ತೊಳೆದುಕೊಳ್ಳಿ, ಹುಳಿ ಹೆಚ್ಚಾದ್ದರಿಂದ ನಿಂಬೆ ಬೇಡ.

ಒಂದು ಲೋಟ ತಣ್ಣೀರಿಗೆ ಮೂರು ಬಿಲ್ಲೆ, ನೆನೆಸಿದ ಕಾಮಕಸ್ತೂರಿ ಬೀಜ ಒಂದು ಚಮಚ, ಚಿಟಿಕೆ ಕಪ್ಪು ಉಪ್ಪು, ಎರಡು ಪುದೀನ ಎಲೆ. ಈಗಿನ ಮದುವೆ ಮನೆಗಳಲ್ಲಿ ಮಾಕ್‌ಟೇಲ್ ಎಂದು ಕೊಡುತ್ತಾರಲ್ಲ, ಅದಕ್ಕಿಂತ ಇದು ಯಾವ ರೀತಿಯಲ್ಲೂ ಕಡಿಮೆಯಿಲ್ಲ. ಹಾಲಿನ ಶರಬತ್ತಿಗೆ ಮಾತ್ರ ಇಂಥ ಹುಳಿ ಹಣ್ಣು ಹಾಕಿ ಇಡಬೇಡಿ, ಹಾಲು ಒಡೆಯುತ್ತದೆ.

ಎರಡು ದಾರಿಗೂ ಅನ್ವಯಿಸುವ ಮೂರು ಮಾತುಗಳಿವೆ. ಚೀಲದ ಮೇಲೆ ದಿನಾಂಕ ಬರೆಯಿರಿ. ಒಂದು ಸಲಕ್ಕೆ ಬೇಕಾಗುವಷ್ಟನ್ನೇ ಒಂದೊಂದು ಚೀಲಕ್ಕೆ ಹಾಕಿ, ಏಕೆಂದರೆ ಕರಗಿದ್ದನ್ನು ಮತ್ತೆ ಫ್ರೀಜ್ ಮಾಡಬಾರದು. ಇನ್ನು ಮೂರನೆಯದು ಮುಖ್ಯ: ಹಸಿ ಮಾಂಸದ ಜೊತೆ ಇಡಬೇಡಿ. ಈಗಿನ ವರ್ಷಗಳಲ್ಲಿ ಬಕ್ರೀದ್ ಮೇ ತಿಂಗಳಲ್ಲಿ ಬರುತ್ತಿದೆ. ಫ್ರೀಜರ್ ಮಾಂಸದಿಂದ ತುಂಬಿರುವಾಗಲೇ ನೇರಳೆಯ ಕಾಲವೂ ಬರುತ್ತದೆ. ಮಾಂಸವನ್ನು ನಾವು ಬೇಯಿಸಿಯೇ ತಿನ್ನುತ್ತೇವೆ, ಹಣ್ಣನ್ನು ಬೇಯಿಸುವುದಿಲ್ಲ. ಕರೆಂಟು ಹೋಗಿ ಮಾಂಸದ ನೀರು ಸೋರಿ ಹಣ್ಣಿಗೆ ತಾಗಿದರೆ ಅದು ಕಣ್ಣಿಗೂ ಕಾಣದು, ಮೂಗಿಗೂ ತಿಳಿಯದು. ಮಾಂಸ ಕೆಳಗೆ, ಮುಚ್ಚಳವಿರುವ ಡಬ್ಬಿಯಲ್ಲಿ. ಹಣ್ಣು ಮೇಲೆ, ಬೇರೆ ಡಬ್ಬಿಯಲ್ಲಿ. ಜಾಗವೇ ಇಲ್ಲವೆಂದರೆ ಆ ವರ್ಷ ಹಣ್ಣು ಕೂಡಿಡುವುದನ್ನು ಬಿಡಿ.

ಕರೆಂಟು ಹೋದರೆ?

ಗಾಳಿ ಮಳೆಗೆ ಕಂಬ ಬಿದ್ದು ಒಂದು ದಿನ ಕರೆಂಟು ಇಲ್ಲದಿರುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಬಾಗಿಲು ತೆರೆಯದಿದ್ದರೆ ಫ್ರಿಜ್‌ನ ಕೆಳಭಾಗ ನಾಲ್ಕು ಗಂಟೆ ತಣ್ಣಗಿರುತ್ತದೆ. ತುಂಬಿದ ಡೀಪ್ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ. ಕರೆಂಟು ಹೋದಾಗ 'ಕರಗಿತೇ ನೋಡೋಣ' ಎಂದು ಮತ್ತೆ ಮತ್ತೆ ತೆರೆಯುವುದೇ ದೊಡ್ಡ ತಪ್ಪು.

ನೀವು ಊರಿಗೆ ಹೋಗಿದ್ದಾಗ ಕರೆಂಟು ಹೋಗಿ ಬಂದಿದೆಯೇ ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ. ಒಂದು ಲೋಟದಲ್ಲಿ ನೀರು ತುಂಬಿ ಫ್ರೀಜರಿನಲ್ಲಿ ಗಟ್ಟಿ ಮಾಡಿ. ಆ ಐಸಿನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಅಲ್ಲೇ ಬಿಡಿ. ಬಂದು ನೋಡಿದಾಗ ನಾಣ್ಯ ಮೇಲೆಯೇ ಇದ್ದರೆ ಚಿಂತೆಯಿಲ್ಲ. ಐಸಿನ ನಡುವಿಗೋ ತಳಕ್ಕೋ ಇಳಿದಿದ್ದರೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಹಣ್ಣಿನ ಚೀಲದೊಳಗೆ ರಸ ಸೋರಿ ಬಿಲ್ಲೆಗಳು ಒಂದಾಗಿ ಅಂಟಿದ್ದರೂ ಅದೇ ಗುರುತು. ಅಂಥದ್ದನ್ನು ಹಂಚಬೇಡಿ.

ಶರಬತ್ತು ಯಾವಾಗ ಶರಾಬಾಗುತ್ತದೆ?

ಶರಬತ್ತು, ಶರಾಬು, ಇಂಗ್ಲಿಷಿನ ಸಿರಪ್ ಮೂರೂ 'ಕುಡಿ' ಎಂಬ ಅರ್ಥದ ಒಂದೇ ಅರಬಿ ಧಾತುವಿನಿಂದ ಬಂದ ಮಾತುಗಳು. ಮಾತಿನಲ್ಲಿ ಮಾತ್ರವಲ್ಲ, ಪಾತ್ರೆಯಲ್ಲೂ ಅವುಗಳ ನಡುವಿನ ದೂರ ನಾವು ತಿಳಿದಷ್ಟಿಲ್ಲ. ದ್ರಾಕ್ಷಿ, ನೇರಳೆಗಳ ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದ ಯೀಸ್ಟ್ ಸಹಜವಾಗಿಯೇ ಇರುತ್ತದೆ. ಹಣ್ಣು ಒಡೆದು ಸಿಹಿ ರಸ ಸಿಕ್ಕರೆ, ಜೊತೆಗೆ ನಮ್ಮ ಬೇಸಿಗೆಯ 38-40 ಡಿಗ್ರಿ ಬಿಸಿ ಸಿಕ್ಕರೆ, ಅದು ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಗ್ಯಾಸ್ ಬಿಡತೊಡಗುತ್ತದೆ. ಹೊರಗಿಟ್ಟ ಹಸಿ ರಸಕ್ಕೆ ಒಂದೆರಡು ದಿನವೇ ಸಾಕು.

ಒಣದ್ರಾಕ್ಷಿ ನೆನೆಸಿದ ಪಾನೀಯವನ್ನು ಪ್ರವಾದಿ(ಸ)ರವರು ಆ ದಿನ, ಮರುದಿನ, ಅದರ ಮರುದಿನದವರೆಗೆ ಸೇವಿಸುತ್ತಿದ್ದರು, ಬಳಿಕ ಉಳಿದುದನ್ನು ಚೆಲ್ಲಿಸುತ್ತಿದ್ದರು ಎಂದು ಇಬ್ನು ಅಬ್ಬಾಸ್(ರ)ರಿಂದ ಬಂದ ವರದಿ ಸಹೀಹ್ ಮುಸ್ಲಿಮ್‌ನಲ್ಲಿದೆ. ಉಳಿದದ್ದನ್ನು ಚೆಲ್ಲುವುದಕ್ಕೆ ಅಲ್ಲಿ ಸಂಕೋಚವಿಲ್ಲ ಎಂಬುದನ್ನು ಗಮನಿಸಿ. ನಮಗೆ ಮಾತ್ರ ನಿನ್ನೆಯ ಶರಬತ್ತು ಚೆಲ್ಲಲು ಮನಸ್ಸು ಬಾರದು.

ಗುರುತುಗಳು ಸ್ಪಷ್ಟ: ಮೇಲೆ ಸಣ್ಣ ಗುಳ್ಳೆ, ಮುಚ್ಚಳ ತೆಗೆದರೆ 'ಸುಂಯ್' ಎನ್ನುವ ಸದ್ದು, ಉಬ್ಬಿದ ಪ್ಲಾಸ್ಟಿಕ್ ಡಬ್ಬಿ, ನಾಲಿಗೆಗೆ ಚುರುಚುರು, ಹೆಂಡದಂಥ ವಾಸನೆ. ಇವುಗಳಲ್ಲಿ ಒಂದು ಕಂಡರೂ ಸಕ್ಕರೆ ಸೇರಿಸಿ ಸರಿಮಾಡಲು ಹೋಗಬೇಡಿ. ಸಕ್ಕರೆ ಅದಕ್ಕೆ ಇನ್ನಷ್ಟು ಮೇವು. ಬಾಟಲಿಯ ಮೇಲ್ಭಾಗದಲ್ಲಿ ಬೂಷ್ಟು ಕಂಡರೆ ಅದನ್ನಷ್ಟೇ ಚಮಚದಿಂದ ತೆಗೆದು ಉಳಿದದ್ದು ಬಳಸುವುದೂ ಬೇಡ. ಪೂರ್ತಿ ಚೆಲ್ಲಿ. ಹಾಗೆಯೇ, ಗುರುತು ಇಲ್ಲದ ಮಾತ್ರಕ್ಕೆ ಸುರಕ್ಷಿತ ಎಂದೂ ಅಲ್ಲ. ಕತ್ತರಿಸಿದ ಹಣ್ಣು, ಹಿಂಡಿದ ರಸ ಹೊರಗೆ ಎರಡು ಗಂಟೆ ಮೀರಬಾರದು. 32 ಡಿಗ್ರಿ ದಾಟಿದ ದಿನಗಳಲ್ಲಿ ಒಂದೇ ಗಂಟೆ.

ಫ್ರಿಜ್ ಇಲ್ಲದ ಮನೆಯವರು ಅಂದಂದಿನ ಹಣ್ಣು ಅಂದೇ ತಂದು ಮಾಡುವುದು ಉತ್ತಮ. ಇಲ್ಲವಾದರೆ ದಪ್ಪ ಪಾಕದ ದಾರಿಯಿದೆ: ಒಂದು ಲೀಟರ್ ರಸಕ್ಕೆ ಸುಮಾರು ಒಂದೂವರೆ ಕೆಜಿ ಸಕ್ಕರೆ ಹಾಕಿ ಕುದಿಸಿ, ಕುದಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ಬಿಸಿಯಾಗಿಯೇ ತುಂಬುವುದು. ಅಷ್ಟು ಸಕ್ಕರೆಯಲ್ಲಿ ಯೀಸ್ಟ್ ಸುಲಭವಾಗಿ ಬೆಳೆಯಲಾರದು. ಆದರೆ ಅದನ್ನು ಲೋಟಕ್ಕೆ ಎರಡು ಚಮಚಕ್ಕಿಂತ ಹೆಚ್ಚು ಹಾಕಬೇಡಿ.

ಇಫ್ತಾರಿನ ದಿನ

ಫ್ರೀಜರಿನಿಂದ ತೆಗೆದ ಹಣ್ಣನ್ನು ಹೊರಗಿಟ್ಟು ಕರಗಿಸಬೇಡಿ. ಹೊರಭಾಗ ಬೆಚ್ಚಗಾಗಿ ಒಳಭಾಗ ಗಟ್ಟಿಯಾಗಿರುವ ಆ ಹೊತ್ತೇ ರೋಗಾಣುಗಳಿಗೆ ಹಬ್ಬ. ಬೆಳಗ್ಗೆ ಸಹರಿ ಆದ ಮೇಲೆ ಫ್ರಿಜ್‌ನ ಕೆಳಭಾಗಕ್ಕೆ ಇಳಿಸಿಟ್ಟರೆ ಸಂಜೆಗೆ ಸರಿಹೋಗುತ್ತದೆ. ಬಿಲ್ಲೆಗಳಾದರೆ ಕರಗಿಸುವುದೇ ಬೇಡ, ನೇರ ನೀರಿಗೆ ಹಾಕಿ. ಅವೇ ಐಸಿನ ಕೆಲಸವನ್ನೂ ಮಾಡುತ್ತವೆ. ಅಂಗಡಿಯಿಂದ ತಂದ ಫ್ರೋಜನ್ ಬೆರಿಗಳನ್ನೂ ಜನ ಸೇರುವ ದಿನ ಒಮ್ಮೆ ಕುದಿಸಿಯೇ ಬಳಸುವುದು ಒಳ್ಳೆಯದು.

ಹೊರಗಿನ ದಿಮ್ಮಿ ಐಸನ್ನು ಶರಬತ್ತಿಗೆ ಒಡೆದು ಹಾಕುವುದು ನಮ್ಮಲ್ಲಿ ಮಾಮೂಲು. ಮೀನು ಕೆಡದಂತೆ ಇಡಲು ಮಾಡಿದ ಐಸನ್ನು ಕುಡಿಯುವ ನೀರಿನಿಂದಲೇ ಮಾಡಿರಬೇಕೆಂದಿಲ್ಲ. ಗೋಣಿಚೀಲದಲ್ಲಿ ಸುತ್ತಿ, ನೆಲದ ಮೇಲೆ ಎಳೆದು ತಂದ ಆ ದಿಮ್ಮಿ ಪಾತ್ರೆಯ ಹೊರಗಿರಲಿ. ಅಗಲ ತೊಟ್ಟಿಯಲ್ಲಿ ಐಸು ಹಾಕಿ, ಅದರ ನಡುವೆ ಮುಚ್ಚಿದ ಶರಬತ್ತಿನ ಪಾತ್ರೆ ಇಟ್ಟರೆ ಅಷ್ಟೇ ತಣ್ಣಗಾಗುತ್ತದೆ.

ಹುಳಿ ಶರಬತ್ತನ್ನು ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯ ತಪ್ಪೇಲಿಗಳಲ್ಲಿ, ಅಲ್ಯೂಮಿನಿಯಂ ಪಾತ್ರೆಗಳಲ್ಲಿ ಇಡಬೇಡಿ. ಹುಳಿ ಲೋಹವನ್ನು ಕರಗಿಸುತ್ತದೆ. ಬಣ್ಣ, ರಾಸಾಯನಿಕ ತುಂಬಿ ಬಂದ ಪ್ಲಾಸ್ಟಿಕ್ ಡ್ರಮ್ ಎಷ್ಟು ಉಜ್ಜಿದರೂ ಆಹಾರಕ್ಕಲ್ಲ. ಪಾತ್ರೆಯೊಳಗೆ ಎಲ್ಲರೂ ಲೋಟ ಅದ್ದುವ ಬದಲು ಉದ್ದ ಹಿಡಿಯ ಸೌಟಿನಿಂದ ಒಬ್ಬರೇ ಬಡಿಸಲಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯ ದ್ರಾಕ್ಷಿ, ಬೀಜವಿರುವ ನೇರಳೆ ತೇಲುವ ಲೋಟ ಕೊಡಬೇಡಿ. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ ಹಾಕಿ.

ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು. 'ನೇರಳೆ ತಾನೇ, ಸಕ್ಕರೆಗೆ ಒಳ್ಳೆಯದು' ಎಂದು ಎರಡು ಲೋಟ ಶರಬತ್ತು ಕುಡಿಯುವವರಿದ್ದಾರೆ. ಹಣ್ಣು ಒಳ್ಳೆಯದಿರಬಹುದು, ಅದರಲ್ಲಿ ಕರಗಿದ ಸಕ್ಕರೆ ಸಕ್ಕರೆಯೇ. ದಿನಕ್ಕೆ 25 ಗ್ರಾಂ, ಎಂದರೆ ಸುಮಾರು ಆರು ಚಿಕ್ಕ ಚಮಚದೊಳಗೆ ಸಕ್ಕರೆ ಇದ್ದರೆ ಒಳಿತು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದೂ ಆರೋಗ್ಯವಂತರಿಗೆ. ಸಕ್ಕರೆ ಕಾಯಿಲೆಯವರಿಗಾಗಿ ಸಕ್ಕರೆ ಹಾಕದ ಬಿಲ್ಲೆಗಳನ್ನು ಬೇರೆ ಚೀಲದಲ್ಲಿ, ಹೆಸರು ಬರೆದು ಇಡಿ. ನೇರಳೆ ಬೀಜದ ಪುಡಿ ತಿನ್ನುತ್ತೇನೆಂದು ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸುವುದು ಅಪಾಯ.

ಇಷ್ಟಾಗಿಯೂ ವಾಂತಿಭೇದಿ ಕಾಣಿಸಿದರೆ ಓಆರ್‌ಎಸ್ ಕುಡಿಸಲು ಶುರುಮಾಡಿ. ಮಕ್ಕಳು, ವೃದ್ಧರು ಸುಸ್ತಾದರೆ, ಭೇದಿಯಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ ಅಥವಾ ಕಣ್ಣು ಹಳದಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಗೋಡೆಗೆ ಅಂಟಿಸಿಕೊಳ್ಳಿ

* ಕಚ್ಚಿದ, ಒಡೆದ, ಬೂಷ್ಟು ಹಿಡಿದ ಹಣ್ಣು ಬೇಡ.
* ಹಸಿಯಾಗಿ ಇಡುವಾಗ ಬಳಸುವ ಮುಂಚೆ ತೊಳೆಯಿರಿ. ಫ್ರೀಜ್ ಮಾಡುವಾಗ ತೊಳೆದು, ಒಣಗಿಸಿ ಇಡಿ.
* ಮಾಂಸ ಕೆಳಗೆ, ಹಣ್ಣು ಮೇಲೆ. ಎರಡಕ್ಕೂ ಬೇರೆ ಡಬ್ಬಿ.
* ಚೀಲದ ಮೇಲೆ ದಿನಾಂಕ. ಒಂದು ಸಲಕ್ಕೆ ಒಂದು ಚೀಲ.
* ಐಸಿನ ಮೇಲೆ ನಾಣ್ಯ. ಇಳಿದಿದ್ದರೆ ಹಣ್ಣು ಹೊರಗೆ.
* ಜನ ಸೇರುವ ದಿನ ಕುದಿಸಿದ ರಸವೇ ಇರಲಿ.
* ಗುಳ್ಳೆ, ಉಬ್ಬು, ಹುಳಿ ವಾಸನೆ ಕಂಡರೆ ಚೆಲ್ಲಿ.

ದಿನವಿಡೀ ನೀರು ಮುಟ್ಟದವರು ಅಝಾನ್ ಕೇಳಿ ಲೋಟ ಎತ್ತುವಾಗ ಅದರ ವಾಸನೆ ನೋಡುವುದಿಲ್ಲ, ಯಾವ ನೀರು ಎಂದು ಕೇಳುವುದಿಲ್ಲ. ಕೊಟ್ಟವರನ್ನು ನಂಬಿ ಕುಡಿಯುತ್ತಾರೆ. ಆ ನಂಬಿಕೆಯೂ ಒಂದು ಅಮಾನತ್. ಜೂನ್ ತಿಂಗಳ ಆ ಒಂದು ಕೆಜಿ ನೇರಳೆಯನ್ನು ಆರಿಸಿ, ತೊಳೆದು, ಒಣಗಿಸಿ ಇಡಲು ಬೇಕಾಗುವುದು ಅರ್ಧ ದಿನ. ಅಷ್ಟು ಮಾಡಲು ಆಗದ ವರ್ಷ ಖರ್ಜೂರ ಮತ್ತು ಶುದ್ಧ ನೀರು ಕೊಡಿ. ಉಪವಾಸ ಬಿಡಲು ಅಷ್ಟು ಸಾಕು.